ಬಚ್ಚಲಿನ ಗೀಸರ್ ಕೈಕೊಟ್ಟಾಗ: ಲಕ್ಷಣ ನೋಡಿ ದೋಷ ಹಿಡಿಯುವ ಬಗೆ

ಹಂಡೆಯಲ್ಲಿ ನೀರು ಕಾಯಿಸುತ್ತಿದ್ದ ಕಾಲದಲ್ಲಿ ನೀರು ಕಾಯಲಿಲ್ಲವೆಂದರೆ ಕಾರಣ ಕಣ್ಣೆದುರಿಗೇ ಇರುತ್ತಿತ್ತು. ಕಟ್ಟಿಗೆ ಹಸಿ ಇರಬೇಕು, ಇಲ್ಲವೇ ಒಲೆ ಆರಿರಬೇಕು. ಗೀಸರ್ ಹಾಗಲ್ಲ. ಗೋಡೆಗೆ ನೇತುಹಾಕಿದ ಬಿಳಿ ಡಬ್ಬಿಯ ಒಳಗೆ ಏನಾಗಿದೆ ಎಂದು ಮನೆಯವರಿಗೆ ತಿಳಿಯುವುದಿಲ್ಲ. ಹಾಗಾಗಿ ರಿಪೇರಿಯವರು ಹೇಳಿದ್ದೇ ವೇದವಾಕ್ಯವಾಗುತ್ತದೆ. “ಇದು ಹೋಗಿದೆ, ಹೊಸದು ಹಾಕಿಸಿ” ಎಂಬ ಮಾತಿಗೆ ಸಾವಿರಾರು ರೂಪಾಯಿ ತೆತ್ತ ಮನೆಗಳು ಧಾರವಾಡದ ನಮ್ಮ ಓಣಿಯಲ್ಲೇ ಹಲವಿವೆ.

ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ವಿಭಾಗದ ಹುಡುಗರಿಗೆ ಬಹಳ ವರ್ಷ ಪಾಠ ಹೇಳಿದವನು ನಾನು. ಹೊಸದು ತರಬೇಕು ಎಂದು ತೀರ್ಪಾದ ಗೀಸರುಗಳನ್ನು ಬಿಚ್ಚಿ ನೋಡಿದಾಗ ನನಗೆ ಹೆಚ್ಚಾಗಿ ಕಂಡದ್ದು ಮೂರೇ ಕಾರಣ: ಸುಟ್ಟ ಪ್ಲಗ್, ಬೆಳಗಿನ ಕಡಿಮೆ ವೋಲ್ಟೇಜ್, ಮತ್ತು ಬೋರ್ ನೀರಿನ ಸುಣ್ಣ. ಮೊದಲ ಎರಡಕ್ಕೆ ಗೀಸರನ್ನು ಮುಟ್ಟುವ ಅಗತ್ಯವೇ ಇಲ್ಲ.

ಇವೆರಡು ಕಂಡರೆ ಪರೀಕ್ಷೆ ಬೇಡ, ಮೊದಲು ಆರಿಸಿ

ನಳ ಮುಟ್ಟಿದಾಗ ಅಥವಾ ನೀರಿಗೆ ಕೈಯೊಡ್ಡಿದಾಗ ಜುಮ್ ಎಂದರೆ, ಅದು ಎಷ್ಟೇ ಸಣ್ಣದಿರಲಿ, ಮುಖ್ಯ ಸ್ವಿಚ್ ಇಳಿಸಿ ಹೊರಗೆ ಬನ್ನಿ. ಗ್ಯಾಸ್ ಗೀಸರ್ ಇರುವ ಬಚ್ಚಲಿನಲ್ಲಿ ತಲೆನೋವು, ತಲೆಸುತ್ತು, ಓಕರಿಕೆ ಬಂದರೆ ಬಾಗಿಲು ತೆರೆದು ಗಾಳಿಗೆ ಬನ್ನಿ. ಇವೆರಡೂ “ನಾಳೆ ನೋಡೋಣ” ಎನ್ನುವ ದೋಷಗಳಲ್ಲ. ವಿವರ ಮುಂದೆ ಇದೆ.

ಇನ್ನೊಂದು ಮಾತನ್ನು ಇಲ್ಲೇ ಹೇಳಬೇಕು. ಗೀಸರ್ ಕೆಟ್ಟ ದಿನವೇ ಮನೆಯಲ್ಲಿ ಅಪಾಯ ಹೆಚ್ಚು, ಏಕೆಂದರೆ ಅಟ್ಟದ ಮೇಲಿನ ಹಳೆಯ ನೀರು ಕಾಯಿಸುವ ರಾಡ್ ಅಂದೇ ಕೆಳಗಿಳಿಯುತ್ತದೆ. ಅದರ ವೈರಿನ ಹೊದಿಕೆ ಬಿರಿದಿರುತ್ತದೆ, ಎಷ್ಟೋ ರಾಡುಗಳಿಗೆ ಅರ್ಥಿಂಗಿನ ಮೂರನೆಯ ವೈರೇ ಇರುವುದಿಲ್ಲ. ನೀರು ಕಾಯಿತೇ ಎಂದು ನೋಡಲು ಬಕೆಟ್ಟಿಗೆ ಬೆರಳದ್ದುವ ಅಭ್ಯಾಸ ಜೀವ ತೆಗೆಯುತ್ತದೆ. ಎರಡು ದಿನ ಅಡುಗೆಮನೆಯ ಒಲೆಯ ಮೇಲೆ ಪಾತ್ರೆಯಲ್ಲಿ ನೀರು ಕಾಯಿಸಿಕೊಳ್ಳಿ, ಅದೇ ಲೇಸು.

ಸ್ವಿಚ್ ಹಾಕಿದರೂ ದೀಪ ಹತ್ತುವುದಿಲ್ಲ, ನೀರು ತಣ್ಣಗೇ ಇದೆ

ಖರ್ಚಿಲ್ಲದ ಪರೀಕ್ಷೆಯಿಂದ ಆರಂಭಿಸಿ. ಮನೆಯಲ್ಲಿ ಬೇರೆ ಕಡೆ ವಿದ್ಯುತ್ ಇದೆಯೇ? ಗೀಸರಿನ ಎಂಸಿಬಿ (ವಿದ್ಯುತ್ ಮಿತಿ ಮೀರಿ ಹರಿದರೆ ತಾನೇ ಕಡಿಯುವ ಸ್ವಿಚ್) ಕೆಳಗೆ ಬಿದ್ದಿದೆಯೇ? ಬಿದ್ದಿದ್ದರೆ ಒಮ್ಮೆ ಮಾತ್ರ ಮೇಲೆತ್ತಿ ನೋಡಿ. ಮತ್ತೆ ಬಿದ್ದರೆ ಎತ್ತುತ್ತಾ ಕೂರಬೇಡಿ, ಒಳಗೆ ಎಲ್ಲೋ ಶಾರ್ಟ್ ಆಗಿದೆ ಎಂದರ್ಥ.

ಎಂಸಿಬಿ ಸರಿಯಿದ್ದರೆ ಅದನ್ನು ಇಳಿಸಿ, ಒಣ ಕೈಯಿಂದ ಪ್ಲಗ್ ಕಿತ್ತು ಮೂಸಿ ನೋಡಿ. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ, ಪಿನ್ನಿನ ಬುಡದಲ್ಲಿ ಕಂದು ಬಣ್ಣ, ಕರಗಿದ ಸಾಕೆಟ್ ತೂತು, ಇವುಗಳಲ್ಲಿ ಒಂದು ಕಂಡರೂ ದೋಷ ಸಿಕ್ಕಂತೆ. 2,000 ವ್ಯಾಟಿನ ಗೀಸರ್ 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ಅದಕ್ಕೆ ದಪ್ಪ ಪಿನ್ನಿನ 16 ಆಂಪಿಯರ್ ಸಾಕೆಟ್ಟೇ ಬೇಕು. ಮೊಬೈಲ್ ಚಾರ್ಜ್ ಮಾಡುವ 6 ಆಂಪಿಯರ್ ಸಾಕೆಟ್ಟಿಗೆ ಅಡಾಪ್ಟರ್ ಸಿಕ್ಕಿಸಿ ಗೀಸರ್ ಓಡಿಸಿದರೆ ಅದು ಸುಡದೆ ಇರುವುದಿಲ್ಲ. ನಮ್ಮ ಪಕ್ಕದ ಮನೆಯಲ್ಲಿ ಹೊಸ ಗೀಸರಿಗೆ ಮುಂಗಡ ಕೊಟ್ಟು ಬಂದ ಮೇಲೆ ನಾನು ಹೋಗಿ ನೋಡಿದೆ. ಪ್ಲಗ್ಗಿನೊಳಗೆ ಸ್ಕ್ರೂ ಸಡಿಲಾಗಿ ವೈರಿನ ತುದಿ ಕರಿ ಇದ್ದಿಲಾಗಿತ್ತು. ಪ್ಲಗ್ ಮತ್ತು ಸಾಕೆಟ್ ಬದಲಿಸಿದ ಮೇಲೆ ಅದೇ ಹಳೆಯ ಗೀಸರ್ ಮೂರು ಚಳಿಗಾಲ ದುಡಿಯಿತು.

ಪ್ಲಗ್ ಸರಿಯಿದ್ದೂ ದೀಪ ಹತ್ತದಿದ್ದರೆ ಥರ್ಮಲ್ ಕಟೌಟ್ ಬಿದ್ದಿರಬಹುದು. ನೀರು ಮಿತಿ ಮೀರಿ ಕಾದಾಗ ವಿದ್ಯುತ್ ಕಡಿಯುವ ಕಾವಲುಗಾರ ಅದು. ಕೆಲವು ಗೀಸರುಗಳಲ್ಲಿ ಅದಕ್ಕೆ ಒತ್ತುವ ಸಣ್ಣ ಗುಂಡಿ ಇರುತ್ತದೆ, ಆದರೆ ಅದು ಇರುವುದು ಮುಚ್ಚಳದ ಒಳಗೆ. ಮುಚ್ಚಳ ತೆಗೆಯುವ ಕೆಲಸ ಎಲೆಕ್ಟ್ರಿಷಿಯನ್ನರದು. ಅವರು ಬಂದಾಗ ಒಂದು ಮಾತನ್ನು ಗಟ್ಟಿಯಾಗಿ ಹೇಳಿ: ಕಟೌಟನ್ನಾಗಲಿ, ನೀರು ಬೇಕಾದಷ್ಟು ಕಾದಾಗ ನಿಲ್ಲಿಸುವ ಥರ್ಮೋಸ್ಟಾಟನ್ನಾಗಲಿ ‘ಡೈರೆಕ್ಟ್’ ಮಾಡಬಾರದು, ಎಂದರೆ ಅದನ್ನು ಬಿಟ್ಟು ವೈರನ್ನು ನೇರವಾಗಿ ಜೋಡಿಸಬಾರದು. ಡೈರೆಕ್ಟ್ ಮಾಡಿದ ಗೀಸರ್ ನೀರು ಕುದಿದರೂ ನಿಲ್ಲುವುದಿಲ್ಲ. ಒತ್ತಡ ಏರಿ ಟ್ಯಾಂಕ್ ಸಿಡಿಯಬಹುದು. ಒಂದು ಬಿಡಿಭಾಗದ ದುಡ್ಡು ಉಳಿಸಲು ಬಚ್ಚಲಿನಲ್ಲಿ ಬಾಂಬು ತೂಗುಹಾಕಿದಂತೆ.

ದೀಪ ಹತ್ತುತ್ತದೆ, ಆದರೆ ನೀರು ಬೇಗ ಕಾಯುವುದಿಲ್ಲ

ಮೊದಲು ಗಡಿಯಾರ ಹಿಡಿದು ನೋಡಿ. 15 ಲೀಟರ್ ನೀರನ್ನು 22 ಡಿಗ್ರಿಯಿಂದ 60 ಡಿಗ್ರಿಗೆ ಏರಿಸಲು, ಒಳಗೆ ಮುಳುಗಿ ನೀರು ಕಾಯಿಸುವ 2,000 ವ್ಯಾಟಿನ ಕಾಯಿಲ್‌ಗೆ ಸುಮಾರು 20 ನಿಮಿಷ ಬೇಕು. 25 ಲೀಟರಿನದಕ್ಕೆ 33 ನಿಮಿಷ. ಇಷ್ಟರೊಳಗೆ ಕಾಯುತ್ತಿದ್ದರೆ ಗೀಸರಿನಲ್ಲಿ ದೋಷವಿಲ್ಲ, ನಮಗೆ ಅವಸರ ಹೆಚ್ಚಾಗಿದೆ.

ಬೆಳಿಗ್ಗೆ ಆರಕ್ಕೆ ತಡ, ಮಧ್ಯಾಹ್ನ ಮೂರಕ್ಕೆ ಸರಿ ಎನ್ನುವಂತಿದ್ದರೆ ವೋಲ್ಟೇಜನ್ನು ಅನುಮಾನಿಸಿ. ಚಳಿಗಾಲದ ಬೆಳಗ್ಗೆ ಇಡೀ ಬಡಾವಣೆಯ ಗೀಸರುಗಳು ಒಟ್ಟಿಗೆ ಶುರುವಾಗುತ್ತವೆ. ವೋಲ್ಟೇಜ್ 230ರಿಂದ 180ಕ್ಕೆ ಇಳಿದರೆ ಕಾಯಿಲ್ ಕೊಡುವ ಶಾಖ ಸುಮಾರು ಶೇ 61ಕ್ಕೆ ಇಳಿಯುತ್ತದೆ, 20 ನಿಮಿಷದ ಕೆಲಸ 33 ನಿಮಿಷ ಹಿಡಿಯುತ್ತದೆ. ಇದಕ್ಕೆ ರಿಪೇರಿ ಬೇಡ. ಅರ್ಧ ಗಂಟೆ ಮುಂಚೆ ಹಾಕಿ ನೋಡಿ. ಓಣಿಗೆಲ್ಲ ಇದೇ ಪಾಡಾಗಿದ್ದರೆ ನಮ್ಮ ಭಾಗದ ವಿದ್ಯುತ್ ಕಂಪನಿ ಹೆಸ್ಕಾಂನ 1912ಕ್ಕೆ ಕರೆ ಮಾಡಿ ದೂರು ದಾಖಲಿಸಿ. ನಿಮ್ಮ ಮನೆಯಲ್ಲಿ ಮಾತ್ರ ಹೀಗಾಗುತ್ತಿದ್ದರೆ ಮೀಟರಿನಿಂದ ಬಚ್ಚಲಿನವರೆಗಿನ ವೈರಿಂಗ್ ನೋಡಿಸಬೇಕು.

ಎಷ್ಟು ಹೊತ್ತಾದರೂ ನೀರು ತಣ್ಣಗೇ ಇದ್ದು, ಕಾಯುತ್ತಿರುವುದನ್ನು ತೋರಿಸುವ ದೀಪ ಮಾತ್ರ ಉರಿಯುತ್ತಲೇ ಇದ್ದರೆ ಕಾಯಿಲ್ ತುಂಡಾಗಿರುವ ಸಂಭವ ಹೆಚ್ಚು. ಎಲೆಕ್ಟ್ರಿಷಿಯನ್ ಮೀಟರ್ ಹಚ್ಚಿದಾಗ ನೀವೂ ನಿಂತು ನೋಡಿ: 2,000 ವ್ಯಾಟಿನ ಒಳ್ಳೆಯ ಕಾಯಿಲ್ ಸುಮಾರು 26 ಓಮ್ ತೋರಿಸುತ್ತದೆ. ತುಂಡಾಗಿದ್ದರೆ ಮೀಟರ್ ಅಲುಗುವುದಿಲ್ಲ. ಈ ಒಂದು ಅಂಕಿ ಗೊತ್ತಿದ್ದರೆ ಬೇಡದ ಕಾಯಿಲ್ ಬದಲಾಯಿಸಿಕೊಳ್ಳುವುದು ತಪ್ಪುತ್ತದೆ.

ಆ ದೀಪ ಐದಾರು ನಿಮಿಷಕ್ಕೇ ಆರಿ, ನೀರು ಉಗುರುಬೆಚ್ಚಗೆ ಬರುತ್ತಿದ್ದರೆ ಥರ್ಮೋಸ್ಟಾಟ್ ಬೇಗ ಕಡಿಯುತ್ತಿದೆ. ಅದರ ಗುಂಡಿಯನ್ನು ಯಾರಾದರೂ ಕೆಳಗೆ ತಿರುಗಿಸಿದ್ದಾರೆಯೇ ನೋಡಿ. ಇಲ್ಲದಿದ್ದರೆ ಮುಂದಿನ ಭಾಗ ಓದಿ.

ಕಾಯುವಾಗ ಒಳಗಿನಿಂದ ಗುಡುಗುಡು, ಚಟಪಟ ಸದ್ದು

ಇದು ನಮ್ಮ ಸೀಮೆಯ ರೋಗ. ಮಲಪ್ರಭೆಯ ನೀರು ಮಾತ್ರ ಬಳಸುವ ಮನೆಗೂ ಬೋರ್ ನೀರಿನ ಮನೆಗೂ ಗೀಸರಿನ ಆಯುಷ್ಯದಲ್ಲಿ ಅಜಗಜಾಂತರ. ನಳದ ನೀರು ಹಲವು ದಿನಗಳಿಗೊಮ್ಮೆ ಬರುವ ಬಡಾವಣೆಗಳಲ್ಲಿ ಎರಡೂ ಒಂದೇ ಟ್ಯಾಂಕಿಗೆ ಬೀಳುತ್ತವೆ. ಗದಗ ಸೀಮೆಯ ಎಷ್ಟೋ ಬೋರುಗಳ ಸವಳು ನೀರಿನ ಕಥೆ ಅಲ್ಲಿಯವರಿಗೆ ಹೇಳಬೇಕಾಗಿಯೇ ಇಲ್ಲ.

ನಿಮ್ಮ ನೀರು ಗಡಸೋ ಅಲ್ಲವೋ ಎಂದು ತಿಳಿಯಲು ಪ್ರಯೋಗಾಲಯಕ್ಕೆ ಹೋಗಬೇಕಿಲ್ಲ. ಸಾಬೂನು ನೊರೆ ಕಟ್ಟುವುದಿಲ್ಲ, ತೊಗರಿಬೇಳೆ ಬೇಯಲು ಹಟ ಹಿಡಿಯುತ್ತದೆ, ಬಕೆಟ್ಟಿನ ಅಂಚಿಗೆ ಬಿಳಿ ಗೆರೆ ಕೂರುತ್ತದೆ. ಅಂಕಿಯೇ ಬೇಕೆಂದರೆ, ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 600ರವರೆಗೆ ನಡೆಯುತ್ತದೆ.

ಈ ನೀರು ಕಾದಾಗ ಅದರಲ್ಲಿ ಕರಗಿದ್ದ ಕ್ಯಾಲ್ಸಿಯಂ ಸುಣ್ಣದಕಲ್ಲಾಗಿ ಅತ್ಯಂತ ಬಿಸಿಯಾದ ಜಾಗಕ್ಕೆ, ಎಂದರೆ ಕಾಯಿಲ್‌ಗೆ, ಅಂಟಿಕೊಳ್ಳುತ್ತದೆ. ಮೂರು ವರ್ಷ ತೊಳೆಯದ ಗೀಸರೊಂದನ್ನು ನಾನು ಹುಬ್ಬಳ್ಳಿಯ ಬಂಧುಗಳ ಮನೆಯಲ್ಲಿ ಬಿಚ್ಚಿಸಿದ್ದೆ. ಕಾಯಿಲ್ ಹೊರಗೆ ಬರಲು ಒಪ್ಪಲಿಲ್ಲ. ಬೆರಳಿನಷ್ಟು ತೆಳ್ಳಗಿರಬೇಕಾದ ಕೊಳವೆ ಮಣಿಕಟ್ಟಿನಷ್ಟು ದಪ್ಪವಾಗಿ, ಹವಳದ ಕಲ್ಲಿನಂತೆ ಉಬ್ಬುಬ್ಬಾಗಿ, ತೂತಿನಲ್ಲಿ ಸಿಕ್ಕಿಕೊಂಡಿತ್ತು. ಮರದ ತುಂಡಿನಿಂದ ಮೆಲ್ಲಗೆ ತಟ್ಟಿದಾಗ ಮೊಟ್ಟೆಯ ಚಿಪ್ಪಿನಂತಹ ಹಾಳೆಗಳು ಕಳಚಿ ಬಿದ್ದವು. ಟ್ಯಾಂಕಿನ ತಳದಿಂದ ಅರ್ಧ ಬಕೆಟ್ ಚೂರು ಬಂತು. ಚಟಪಟ ಸದ್ದು ಆ ಪದರದ ಸಂದಿಯಲ್ಲಿ ಸಿಕ್ಕ ನೀರು ಕುದಿದು ಆವಿಯಾಗುವ ಸದ್ದು.

ಸುಣ್ಣ ಕಟ್ಟಿದರೆ ಬಿಲ್ಲು ಎರಡರಷ್ಟಾಗುತ್ತದೆ ಎಂದು ಹೆದರಿಸುವವರಿದ್ದಾರೆ. ಅದು ಅಷ್ಟು ಸರಿಯಲ್ಲ. ಕಾಯಿಲ್ ಮುಳುಗಿರುವುದು ನೀರಿನಲ್ಲೇ, ಅದರ ಶಾಖ ಕೊನೆಗೂ ನೀರಿಗೇ ಹೋಗಬೇಕು. ನಿಜವಾದ ನಷ್ಟ ಬೇರೆ. ಶಾಖ ಬೇಗ ಹೊರಬರದೆ ಕಾಯಿಲ್ ತನ್ನ ಮೈಯನ್ನೇ ಸುಟ್ಟುಕೊಳ್ಳುತ್ತದೆ. ಥರ್ಮೋಸ್ಟಾಟಿನ ಕೊಳವೆಗೂ ಅದೇ ಸುಣ್ಣ ಮೆತ್ತಿಕೊಂಡರೆ ಅದು ನೀರಿನ ಬದಲು ಕಲ್ಲಿನ ಬಿಸಿಯನ್ನು ಅಳೆದು ಮೊದಲೇ ಕಡಿದುಬಿಡುತ್ತದೆ. ಚೂರು ತುಂಬಿದಷ್ಟೂ ನೀರಿಗೆ ಜಾಗ ಕಡಿಮೆಯಾಗಿ, ಎರಡು ಬಕೆಟ್ ಬರುತ್ತಿದ್ದಲ್ಲಿ ಒಂದೂವರೆ ಬರುತ್ತದೆ.

ಪರಿಹಾರ ಸರಳ, ಆದರೆ ನೀವೇ ಬಿಚ್ಚುವಂಥದ್ದಲ್ಲ. ವರ್ಷಕ್ಕೊಮ್ಮೆ, ಬೋರ್ ನೀರು ಬಹಳ ಗಡಸಾಗಿದ್ದರೆ ಆರು ತಿಂಗಳಿಗೊಮ್ಮೆ, ಬಿಚ್ಚಿಸಿ ಸುಣ್ಣ ತೆಗೆಸಿ. ಹಿತ್ತಾಳೆ, ತಾಮ್ರಕ್ಕೆ ಹುಣಸೆಹಣ್ಣು ತಿಕ್ಕುವ ನಮ್ಮ ತಾಯಂದಿರಿಗೆ ಇದರ ಗುಟ್ಟು ಗೊತ್ತಿತ್ತು, ಹುಳಿಗೆ ಸುಣ್ಣ ಕರಗುತ್ತದೆ. ಕಾಯಿಲನ್ನು ಲಿಂಬೆ ಉಪ್ಪಿನ (ಸಿಟ್ರಿಕ್ ಆ್ಯಸಿಡ್) ನೀರಿನಲ್ಲಿ ನೆನೆಹಾಕಿದರೆ ಸಾಕು. ಶೌಚಾಲಯ ತೊಳೆಯುವ ಆ್ಯಸಿಡ್ಡನ್ನು ಟ್ಯಾಂಕಿಗೆ ಸುರಿಯುವವರನ್ನು ತಡೆಯಿರಿ. ಅದು ಸುಣ್ಣದ ಜೊತೆ ಲೋಹವನ್ನೂ ತಿನ್ನುತ್ತದೆ.

ನೀರು ಬಿಸಿಯಾಗಿಯೇ ಇದೆ, ಆದರೆ ಧಾರೆ ಸಣ್ಣಗೆ ಬರುತ್ತದೆ

ತಣ್ಣೀರಿನ ನಳ ಜೋರಾಗಿ ಬಂದು ಬಿಸಿನೀರಿನದು ಮಾತ್ರ ಸೊರಗಿದ್ದರೆ, ಇಲ್ಲೂ ಸುಣ್ಣವೇ. ಶವರಿನ ತಲೆಯನ್ನೋ ನಳದ ಬಾಯಿಯ ಜಾಲರಿಯನ್ನೋ ಬಿಚ್ಚಿ ರಾತ್ರಿಯಿಡೀ ಲಿಂಬೆರಸದ ನೀರಿನಲ್ಲಿಡಿ. ಅದರಿಂದ ಸರಿಯಾಗದಿದ್ದರೆ ಒಳ ಹೋಗುವ ಕೊಳವೆಯ ವಾಲ್ವ್ ಪೂರ್ತಿ ತೆರೆದಿದೆಯೇ ನೋಡಿ, ಆಮೇಲೆ ಪ್ಲಂಬರನ್ನು ಕರೆಯಿರಿ.

ಮಾಳಿಗೆಯ ಟ್ಯಾಂಕ್ ಬರಿದಾಗಿ ಮತ್ತೆ ತುಂಬಿದ ದಿನ ಒಂದು ಎಚ್ಚರ ಬೇಕು. ನೀರಿಗಾಗಿ ದಿನ ಎಣಿಸುವ ನಮ್ಮ ಊರುಗಳಲ್ಲಿ ಇದು ಮೇಲಿಂದ ಮೇಲೆ ಆಗುತ್ತದೆ. ಬಿಸಿನೀರಿನ ನಳ ತೆರೆದು, ಗಾಳಿ ಉಗುಳುವುದು ನಿಂತು ಧಾರೆ ಒಂದೇ ಸಮನೆ ಬರುವವರೆಗೆ ಸ್ವಿಚ್ ಹಾಕಬೇಡಿ. ನೀರಿಲ್ಲದೆ ಉರಿದ ಕಾಯಿಲ್ ಕೆಲವೇ ನಿಮಿಷಗಳಲ್ಲಿ ಸಾಯುತ್ತದೆ.

ಗೀಸರಿನಿಂದ ನೀರು ತೊಟ್ಟಿಕ್ಕುತ್ತದೆ

ಎಲ್ಲಿಂದ ಎಂಬುದೇ ಇಲ್ಲಿ ಮುಖ್ಯ. ಒಣ ಕಾಗದ ಹಿಡಿದು ಜಾಗ ಗುರುತಿಸಿ.

ತಣ್ಣೀರು ಒಳಹೋಗುವ ಕಡೆಯ ಸೇಫ್ಟಿ ವಾಲ್ವಿನಿಂದ, ಕಾಯುವಾಗ ಮಾತ್ರ ಹನಿದರೆ ಗಾಬರಿ ಬೇಡ. ನೀರು ಕಾದಾಗ ಹಿಗ್ಗುತ್ತದೆ. 15 ಲೀಟರ್ ನೀರು 22ರಿಂದ 60 ಡಿಗ್ರಿಗೆ ಏರಿದಾಗ ಸುಮಾರು 220 ಮಿಲಿಲೀಟರ್, ಎಂದರೆ ಒಂದು ಲೋಟದಷ್ಟು, ಹೆಚ್ಚಾಗುತ್ತದೆ. ಆ ಹೆಚ್ಚಳಕ್ಕೆ ದಾರಿ ಕೊಡುವುದೇ ವಾಲ್ವಿನ ಕೆಲಸ. ಬಚ್ಚಲು ಒದ್ದೆಯಾಗುತ್ತದೆಂದು ಅದರ ಬಾಯಿಗೆ ಬಿರಡೆ ಜಡಿಯುವುದು ಮಹಾ ತಪ್ಪು. ಸಣ್ಣ ಪೈಪ್ ಹಾಕಿ ಮೂಲೆಗೆ ಬಿಡಿ. ಗೀಸರ್ ತಣ್ಣಗಿದ್ದಾಗಲೂ ಹನಿಯುತ್ತಿದ್ದರೆ ವಾಲ್ವಿನಲ್ಲಿ ಕಸ ಸಿಕ್ಕಿದೆ ಅಥವಾ ಪ್ರೆಷರ್ ಪಂಪಿನ ಒತ್ತಡ ಹೆಚ್ಚಾಗಿದೆ.

ತಳದ ಮುಚ್ಚಳದ ನಡುವಿನಿಂದ ಹನಿದರೆ ಕಾಯಿಲ್ ಸುತ್ತಲಿನ ರಬ್ಬರ್ ಗ್ಯಾಸ್ಕೆಟ್ ಸವೆದಿದೆ. ಬೆಲೆ ಅಲ್ಪ, ಆದರೆ ಆ ಜಾಗದಲ್ಲೇ ವಿದ್ಯುತ್ ವೈರುಗಳೂ ಇರುವುದರಿಂದ ಬದಲಿಸುವವರೆಗೆ ಗೀಸರ್ ಹಾಕಲೇಬಾರದು. ಮೈಯ ಜೋಡಣೆಯಿಂದ ತುಕ್ಕು ಬಣ್ಣದ ನೀರು ಜಿನುಗಿದರೆ ಒಳಟ್ಯಾಂಕ್ ತೂತಾಗಿದೆ. ಹೊಸದು ಹಾಕಿಸಿ ಎಂಬ ಮಾತು ನಿಜಕ್ಕೂ ಸಲ್ಲುವುದು ಇಲ್ಲಿ ಮಾತ್ರ.

ಎಂಸಿಬಿ ಪದೇ ಪದೇ ಬೀಳುತ್ತದೆ, ನಳ ಮುಟ್ಟಿದರೆ ಜುಮ್ ಎನ್ನುತ್ತದೆ

ಕಾಯಿಲಿನ ಹೊರಕವಚ ಬಿರಿದು ವಿದ್ಯುತ್ ನೀರಿಗೆ ಇಳಿಯುತ್ತಿದೆ. ಜುಮ್ ಎನ್ನುತ್ತಿದ್ದರೆ, ಅದನ್ನು ಭೂಮಿಗೆ ಒಯ್ಯಬೇಕಾದ ಅರ್ಥಿಂಗ್ ಕೂಡ ಕೆಲಸ ಮಾಡುತ್ತಿಲ್ಲ. ಎರಡು ತಪ್ಪು ಕೂಡಿದಾಗಲೇ ನಮಗೆ ಜುಮ್ ಎನ್ನುವುದು. ಚಪ್ಪಲಿ ಹಾಕಿಕೊಂಡು ಸ್ನಾನ ಮಾಡಿ ಎನ್ನುವ ಉಪಾಯಗಳನ್ನು ದಯವಿಟ್ಟು ಕೇಳಬೇಡಿ. ಒದ್ದೆ ಮೈಗೆ ವಿದ್ಯುತ್ ಸುಲಭದ ತುತ್ತು.

ಎಂಸಿಬಿ ಇದೆಯಲ್ಲ ಎಂಬ ಧೈರ್ಯವೂ ಹುಸಿ. ಅದು ಕಾಯುವುದು ವೈರನ್ನು, ಮನುಷ್ಯನನ್ನಲ್ಲ. ಮನುಷ್ಯನನ್ನು ಕಾಯುವುದು 30 ಮಿಲಿ ಆಂಪಿಯರಿನ ಆರ್‌ಸಿಸಿಬಿ. ಅಷ್ಟು ಸಣ್ಣ ಸೋರಿಕೆಗೇ ಅದು ಕ್ಷಣಾರ್ಧದಲ್ಲಿ ಕಡಿಯುತ್ತದೆ. ಹಳೆಯ ಮನೆಗಳಲ್ಲಿ ಇದು ಇರುವುದಿಲ್ಲ. ಮನೆಗೆ ಒಂದೇ ಖರ್ಚು ಮಾಡುವುದಿದ್ದರೆ ಇದಕ್ಕೆ ಮಾಡಿ ಎನ್ನುತ್ತೇನೆ. ಹಾಕಿಸಿದ ಮೇಲೆ ಅದರ ಮೇಲಿನ ‘ಟೆಸ್ಟ್’ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ, ಬೀಳುತ್ತದೆಯೇ ನೋಡಿ.

ಅರ್ಥಿಂಗಿಗಾಗಿ ನೆಲದಲ್ಲಿ ತೋಡಿದ ಗುಂಡಿ ಎಲ್ಲಿದೆ ಎಂದು ಮನೆಯವರಿಗೆ ಗೊತ್ತಿರಬೇಕು. ಬೇಸಿಗೆಯಲ್ಲಿ ಬಾಯಿಬಿಡುವ ಎರೆ ನೆಲದಲ್ಲಿ ಮಣ್ಣು ಒಣಗಿ ಅರ್ಥಿಂಗ್ ಕೈಬಿಡುತ್ತದೆ. ಆಗಾಗ ಒಂದೆರಡು ಕೊಡ ನೀರು ಹಾಕಿ, ಎರಡು ವರ್ಷಕ್ಕೊಮ್ಮೆ ಎಲೆಕ್ಟ್ರಿಷಿಯನ್ನರಿಂದ ಅಳೆಸಿ. ಯಾರಿಗಾದರೂ ಶಾಕ್ ಹೊಡೆದು ಹಿಡಿದುಕೊಂಡರೆ ಅವರನ್ನು ಮುಟ್ಟಬೇಡಿ. ಮೊದಲು ಮುಖ್ಯ ಸ್ವಿಚ್ ಇಳಿಸಿ, ಆಮೇಲೆ 108ಕ್ಕೆ ಕರೆ ಮಾಡಿ.

ಗ್ಯಾಸ್ ಗೀಸರ್ ಹೊತ್ತಿಕೊಳ್ಳುವುದಿಲ್ಲ, ಅಥವಾ ಜ್ವಾಲೆ ಹಳದಿಯಾಗಿದೆ

ನಳ ತೆರೆದಾಗ ‘ಟಿಕ್ ಟಿಕ್’ ಸದ್ದೇ ಇಲ್ಲವೆಂದರೆ ದೊಡ್ಡ ಸೆಲ್ಲುಗಳನ್ನು ಬದಲಿಸಿ, ಹೆಚ್ಚಿನ ದೂರು ಅಲ್ಲಿಗೇ ಮುಗಿಯುತ್ತದೆ. ಸೆಲ್ ಹೊಸದಾದರೂ ಸದ್ದು ಬಾರದಿದ್ದರೆ ನೀರಿನ ಒತ್ತಡ ಸಾಲುತ್ತಿಲ್ಲ, ಏಕೆಂದರೆ ಅದರ ಕಿಡಿ ಶುರುವಾಗುವುದೇ ನೀರಿನ ಒತ್ತಡದಿಂದ. ಟ್ಯಾಂಕ್ ಗೀಸರಿಗಿಂತ ಸಾಕಷ್ಟು ಎತ್ತರದಲ್ಲಿಲ್ಲದ ಮನೆಗಳಲ್ಲಿ ಹೀಗಾಗುತ್ತದೆ. ಸದ್ದು ಇದ್ದು ಬೆಂಕಿ ಇಲ್ಲದಿದ್ದರೆ ಸಿಲಿಂಡರ್, ರೆಗ್ಯುಲೇಟರ್ ನೋಡಿ. ಅನಿಲದ ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಹಾಕಬೇಡಿ, ಆರಿಸಲೂ ಬೇಡಿ. ರೆಗ್ಯುಲೇಟರ್ ಮುಚ್ಚಿ, ಬಾಗಿಲು ತೆರೆದು, ಹೊರಗೆ ಹೋಗಿ 1906ಕ್ಕೆ ಕರೆ ಮಾಡಿ. ಅಡುಗೆ ಅನಿಲ ಗಾಳಿಗಿಂತ ಭಾರ, ನೆಲದಲ್ಲೇ ಹರಡಿ ಕೂರುತ್ತದೆ. ಕಿಟಕಿ ಮಾತ್ರ ತೆರೆದರೆ ಸಾಲದು.

ಜ್ವಾಲೆ ನೀಲಿ ಇರಬೇಕು. ಹಳದಿಯಾಗಿ, ಮೈಗೆ ಮಸಿ ಹಿಡಿದಿದ್ದರೆ ಅನಿಲ ಪೂರ್ತಿ ಉರಿಯುತ್ತಿಲ್ಲ, ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತಿದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಇದನ್ನು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಕಾಲಲ್ಲಿ ಶಕ್ತಿ ಹೋಗಿ ಚಿಲಕ ತೆಗೆಯಲೂ ಆಗದಂತಾಗುತ್ತದೆ. ಜ್ವಾಲೆ ನೀಲಿ ಇದ್ದರೂ, ಮುಚ್ಚಿದ ಸಣ್ಣ ಬಚ್ಚಲಿನ ಗಾಳಿ ತೀರುತ್ತಾ ಬಂದಂತೆ ಇದು ಹುಟ್ಟಬಹುದು. ಹಾಗಾಗಿ ಗ್ಯಾಸ್ ಗೀಸರಿನ ಜಾಗ ಬಚ್ಚಲಿನ ಹೊರಗೆ, ತೆರೆದ ಗಾಳಿಯಲ್ಲಿ. ಈಗಾಗಲೇ ಒಳಗಿದ್ದರೆ ಹೊರಗೆ ಸ್ಥಳಾಂತರಿಸಿ. ಅಲ್ಲಿಯವರೆಗೆ ಬಾಗಿಲು ತೆರೆದಿಟ್ಟು ಬಕೆಟ್ ತುಂಬಿಸಿಕೊಳ್ಳಿ, ಗೀಸರ್ ಆರಿಸಿ, ಗಾಳಿಯಾಡಿದ ಮೇಲೆ ಸ್ನಾನಕ್ಕೆ ಹೋಗಿ. ಮಕ್ಕಳನ್ನು ಒಳಗೆ ಕಳುಹಿಸಿದಾಗ ಒಳಚಿಲಕ ಹಾಕಿಸಬೇಡಿ.

ಬಿಸಿಲಿದೆ, ಆದರೂ ಸೋಲಾರ್ ನೀರು ಬೆಚ್ಚಗಿಲ್ಲ

ಸಂಜೆ ನಾಲ್ಕಕ್ಕೆ ಮಾಳಿಗೆ ಹತ್ತಿ, ಟ್ಯಾಂಕಿನಿಂದ ಹೊರಡುವ ಬಿಸಿನೀರಿನ ಕೊಳವೆಯ ಬಳಿ ಎಚ್ಚರದಿಂದ ಕೈಯಿಟ್ಟು ನೋಡಿ. ಅಲ್ಲಿ ಸುಡುತ್ತಿದ್ದು ಬಚ್ಚಲಿಗೆ ತಣ್ಣಗೆ ಬರುತ್ತಿದ್ದರೆ ತಪ್ಪು ಕೊಳವೆಯಲ್ಲಿದೆ: ಹೊದಿಕೆ ಹರಿದಿದೆ, ಗಾಳಿ ಕಟ್ಟಿದೆ, ಇಲ್ಲವೇ ಯಾವುದೋ ಮಿಕ್ಸರ್ ನಳದಲ್ಲಿ ತಣ್ಣೀರು ಬಿಸಿಗೆ ಸೇರುತ್ತಿದೆ. ಅಲ್ಲೂ ತಣ್ಣಗಿದ್ದರೆ ಫಲಕದ ಗಾಜು ನೋಡಿ. ಹುಬ್ಬಳ್ಳಿಯ ಧೂಳು ಹದಿನೈದು ದಿನಕ್ಕೇ ಗಾಜನ್ನು ಮಬ್ಬಾಗಿಸುತ್ತದೆ. ಬೆಳಿಗ್ಗೆ ಬಿಸಿಲೇರುವ ಮುನ್ನ ಒದ್ದೆ ಬಟ್ಟೆಯಿಂದ ಒರೆಸಿ. ನಡುಮಧ್ಯಾಹ್ನ ಕಾದ ಗಾಜಿನ ಕೊಳವೆಗೆ ತಣ್ಣೀರು ಸುರಿದರೆ ಅದು ಸೀಳುತ್ತದೆ.

ಬೇಸಿಗೆಯಲ್ಲಿ ಚೆನ್ನಾಗಿದ್ದು ಡಿಸೆಂಬರಿನಲ್ಲಿ ಕೈಕೊಟ್ಟರೆ ದಕ್ಷಿಣಕ್ಕೆ ಕಣ್ಣು ಹಾಯಿಸಿ. ಡಿಸೆಂಬರ್ ಕೊನೆಯ ವಾರಗಳಲ್ಲಿ ನಮ್ಮಲ್ಲಿ ನಡುಹಗಲಿನ ಸೂರ್ಯನೂ ಸುಮಾರು 51 ಡಿಗ್ರಿ ಎತ್ತರಕ್ಕಷ್ಟೇ ಏರುತ್ತಾನೆ. ಬೇಸಿಗೆಯಲ್ಲಿ ಅಡ್ಡವಾಗದ ತೆಂಗಿನ ಮರವೋ ಪಕ್ಕದವರ ಹೊಸ ಮಹಡಿಯೋ ಈಗ ನೆರಳು ಬೀರುತ್ತಿರಬಹುದು.

ಖರ್ಚು ಹೆಚ್ಚಾಗಿದೆ ಎಂದಾದರೆ

2,000 ವ್ಯಾಟಿನ ಗೀಸರ್ ದಿನಕ್ಕೆ ಒಂದು ಗಂಟೆ ಕಾದರೆ ತಿಂಗಳಿಗೆ 60 ಯೂನಿಟ್. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯ ಮನೆಗಳಿಗೆ ಇದು ಸಣ್ಣ ಲೆಕ್ಕವಲ್ಲ, ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಇಡೀ ಬಿಲ್ಲು ಕಟ್ಟಬೇಕು. ಸ್ನಾನಕ್ಕೆ ಹದವಾದ 40 ಡಿಗ್ರಿಯ ಒಂದು ಬಕೆಟ್, ಎಂದರೆ 15 ಲೀಟರ್ ನೀರಿಗೆ ಬೇಕಾದದ್ದು ಯೂನಿಟ್ಟಿನ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ನಾಲ್ವರ ಮನೆಗೆ ದಿನಕ್ಕೆ ಒಂದೂಕಾಲು ಯೂನಿಟ್ ಸಾಕು. ನಿಮ್ಮದು ಇದರ ಎರಡರಷ್ಟಿದ್ದರೆ ದೋಷ ಯಂತ್ರದ್ದಲ್ಲ, ಶವರಿನದು ಅಥವಾ ಆರಿಸಲು ಮರೆಯುವ ಕೈಯದು. ಒಬ್ಬರ ಹಿಂದೆ ಒಬ್ಬರು ಸ್ನಾನ ಮುಗಿಸಿ. ಥರ್ಮೋಸ್ಟಾಟ್ 75ರಲ್ಲಿದ್ದರೆ 55-60ಕ್ಕೆ ಇಳಿಸಿ, ಸುಣ್ಣವೂ ಕಡಿಮೆ ಕಟ್ಟುತ್ತದೆ. ಹೊಸದು ಕೊಳ್ಳುವಾಗ ಸ್ಟಾರ್ ಗುರುತಿನ ಜೊತೆ, 24 ಗಂಟೆಯಲ್ಲಿ ಸುಮ್ಮನೆ ಸೋರುವ ಶಾಖದ ಅಂಕಿಯನ್ನೂ ಆ ಚೀಟಿಯಲ್ಲೇ ಓದಿ.

ಸರ್ವಿಸ್ ಯಾವಾಗ ಮಾಡಿಸುವುದು ಎಂದು ಕೇಳಿದವರಿಗೆ ನಾನು ನೀರು ತುಂಬುವ ಹಬ್ಬದ ಹಿಂದಿನ ವಾರ ಎನ್ನುತ್ತೇನೆ. ನರಕ ಚತುರ್ದಶಿಯ ಮುನ್ನಾದಿನ ಹಂಡೆ ತಿಕ್ಕಿ, ಹಿಂಡಲೆಕಾಯಿಯ ಬಳ್ಳಿ ಕಟ್ಟಿ ನೀರು ತುಂಬುವ ಮನೆಗಳಲ್ಲಿ ಗೀಸರಿಗೂ ಅದೇ ಸರದಿ ಬರಲಿ. ಚಳಿ ಶುರುವಾಗುವ ಮುನ್ನವಾದ್ದರಿಂದ ರಿಪೇರಿಯವರೂ ಸುಲಭವಾಗಿ ಸಿಗುತ್ತಾರೆ. ಬಿಚ್ಚಿದಾಗ ಕಾಯಿಲ್ ಪಕ್ಕದ ಮೆಗ್ನೀಸಿಯಂ ಸರಳನ್ನು ತೋರಿಸಲು ಹೇಳಿ. ಟ್ಯಾಂಕಿಗೆ ತುಕ್ಕು ಹಿಡಿಯದಂತೆ ತಾನು ಸವೆಯುವ ಸರಳು ಅದು, ಉಪ್ಪಿನಂಶದ ಬೋರ್ ನೀರಿನಲ್ಲಿ ಬೇಗ ಕರಗುತ್ತದೆ. ಪೆನ್ಸಿಲ್ಲಿನಷ್ಟು ತೆಳುವಾಗಿದ್ದರೆ ಅಂದೇ ಬದಲಿಸಿ, ದಿನಾಂಕವನ್ನು ಗೀಸರಿನ ಮೈಮೇಲೆ ಮಾರ್ಕರಿನಲ್ಲಿ ಬರೆದಿಡಿ.